‘ಹೈಬ್ರಿಡ್ ಹಣ್ಣು ತಿನ್ನಬೇಡಿ’ ಎಂಬ ಫಾರ್ವರ್ಡ್ ನಿಜವೇ? ಹಣ್ಣಿನ ಹೊಸ ತಳಿ ಹುಟ್ಟುವುದು ಹೇಗೆ, ಅದರ ರುಚಿ ಅಳೆಯುವುದು ಹೇಗೆ?

ಈ ಮೆಸೇಜ್ ನಿಮಗೂ ಬಂದಿರಬಹುದು. ಅರ್ಧಕ್ಕೆ ಕತ್ತರಿಸಿದ ಕೆಂಪು ಪರಂಗಿ ಹಣ್ಣು, ಬೀಜವೇ ಇಲ್ಲದ ಕಲ್ಲಂಗಡಿ, ಪಕ್ಕದಲ್ಲೊಂದು ಇಂಜೆಕ್ಷನ್ ಸೂಜಿಯ ಚಿತ್ರ. ಕೆಳಗೆ ಬರೆದಿರುವುದರ ಸಾರ ಇಷ್ಟು: ಇವೆಲ್ಲ ಹೈಬ್ರಿಡ್, ಲ್ಯಾಬಿನಲ್ಲಿ ಕೆಮಿಕಲ್ ಹಾಕಿ ಮಾಡಿದ್ದು, ಮಕ್ಕಳಿಗೆ ಕೊಡಬೇಡಿ, ನಾಟಿ ಹಣ್ಣು ಮಾತ್ರ ತಿನ್ನಿ, ಹತ್ತು ಜನರಿಗೆ ಕಳುಹಿಸಿ.

ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್ ಗ್ರೂಪಿನಿಂದ ಪೀಣ್ಯದ ಫ್ಯಾಕ್ಟರಿ ಗ್ರೂಪಿನವರೆಗೆ ಇದು ಬೇಸಿಗೆ ಬಂದಾಗಲೆಲ್ಲ ಸುತ್ತುತ್ತದೆ. ಇದನ್ನು ನಂಬಿ ಪರಂಗಿ, ಸೀಬೆಯನ್ನು ಬಿಟ್ಟು ಮಕ್ಕಳ ಕೈಗೆ ಪ್ಯಾಕೆಟ್ ಜ್ಯೂಸ್ ಕೊಡುವ ಮನೆಗಳಿವೆ. ಗೇಟಿನ ಮುಂದೆ ಗಾಡಿ ನಿಲ್ಲಿಸಿಕೊಂಡವರ ವ್ಯಾಪಾರವೂ ಕೆಡುತ್ತದೆ. ಹಾಗಾಗಿ ಸರಿಯಾಗಿ ನೋಡೋಣ. ಹೈಬ್ರಿಡ್ ಎಂದರೆ ಏನು? ಅದನ್ನು ಯಾರು ಮಾಡುತ್ತಾರೆ? ರುಚಿ ಚೆನ್ನಾಗಿದೆ ಎಂದು ಯಾರು, ಹೇಗೆ ತೀರ್ಮಾನಿಸುತ್ತಾರೆ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಪೀಣ್ಯದಿಂದ 20 ಕಿಲೋಮೀಟರ್ ಒಳಗೇ ಇರುವ ಹೆಸರಘಟ್ಟದಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದೇ ಕೆಲಸ ನಡೆಯುತ್ತಿದೆ.

ಒಂದೇ ನೋಟದಲ್ಲಿ

• ಹೈಬ್ರಿಡ್ ಎಂದರೆ ಎರಡು ಬೇರೆ ತಳಿಗಳ ಹೂಗಳ ನಡುವೆ ಪರಾಗ ಸೇರಿಸಿ ಪಡೆದ ಸಂತತಿ. ಅದು ಕೆಮಿಕಲ್ ಅಲ್ಲ, ಕುಲಾಂತರಿಯೂ ಅಲ್ಲ.
• ಭಾರತದಲ್ಲಿ ಯಾವುದೇ ಕುಲಾಂತರಿ ಹಣ್ಣನ್ನು ವಾಣಿಜ್ಯವಾಗಿ ಬೆಳೆಯಲು ಅನುಮತಿ ಇಲ್ಲ.
• ಪರಂಗಿಯ ಕೆಂಪು ಬಣ್ಣ ಲೈಕೋಪೀನ್ ಎಂಬ ಸಹಜ ವರ್ಣದ್ರವ್ಯದ್ದು. ಟೊಮೆಟೊದಲ್ಲೂ ಅದೇ ಇದೆ.
• ಹೆದರಬೇಕಾದದ್ದು ತಳಿಗಲ್ಲ, ಹಣ್ಣು ಮಾಗಿಸುವ ತಪ್ಪು ವಿಧಾನಕ್ಕೆ. ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದು ಕಾನೂನುಬಾಹಿರ.

ಹೈಬ್ರಿಡ್ ಎಂದರೆ ನಿಜವಾಗಿ ಏನು?

ಮಾವಿನ ಉದಾಹರಣೆಯಿಂದಲೇ ಶುರು ಮಾಡೋಣ. ಸೀಸನ್ ಮುಗಿಯುವ ಹೊತ್ತಿಗೆ ಬೆಂಗಳೂರಿನಲ್ಲಿ ಬಹಳ ಜನ ಕಾಯುವ ಹಣ್ಣು ಮಲ್ಲಿಕಾ. ತೆಳು ಓಟೆ, ನಾರಿಲ್ಲದ ಕಿತ್ತಳೆ ಬಣ್ಣದ ತಿರುಳು, ಗಟ್ಟಿ ಸಿಹಿ. ‘ಹೈಬ್ರಿಡ್ ಬೇಡ’ ಎಂದು ಫಾರ್ವರ್ಡ್ ಮಾಡುವವರೂ ಮಲ್ಲಿಕಾ ಬಂತೇ ಎಂದು ಕೇಳುತ್ತಾರೆ. ಆದರೆ ಮಲ್ಲಿಕಾ ಅಪ್ಪಟ ಹೈಬ್ರಿಡ್. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ದಕ್ಷಿಣದ ನೀಲಂ ಮರದ ಹೂವಿಗೆ ಉತ್ತರದ ದಶೇರಿಯ ಪರಾಗ ಸೇರಿಸಿ ಪಡೆದ ತಳಿ ಅದು. 1970ರ ದಶಕದ ಆರಂಭದಲ್ಲಿ ಬಿಡುಗಡೆಯಾಯಿತು.

ಅದೇ ಸಂಸ್ಥೆಯಲ್ಲಿ ಇದನ್ನೇ ತಿರುವುಮುರುವು ಮಾಡಿದರು. ದಶೇರಿ ತಾಯಿ, ನೀಲಂ ತಂದೆ. ಹುಟ್ಟಿದ್ದು ಆಮ್ರಪಾಲಿ. ತಂದೆ ತಾಯಿಯ ಜೋಡಿ ಅದೇ, ಮಕ್ಕಳು ಮಾತ್ರ ಬೇರೆ ಬೇರೆ. ಮಲ್ಲಿಕಾ ದೊಡ್ಡ ಹಣ್ಣು. ಆಮ್ರಪಾಲಿಯ ಹಣ್ಣು ಚಿಕ್ಕದು, ಮರವೂ ಗಿಡ್ಡ. ಒಂದೇ ಮನೆಯ ಅಣ್ಣತಮ್ಮಂದಿರು ಒಬ್ಬರಂತೆ ಒಬ್ಬರಿಲ್ಲದ ಹಾಗೆ. ಸಂಕರ ಅಂದರೆ ಇಷ್ಟೇ. ಇದರಲ್ಲಿ ಸೂಜಿಯೂ ಇಲ್ಲ, ಔಷಧಿಯೂ ಇಲ್ಲ. ಜೇನುನೊಣ, ನೊಣಗಳು ತೋಟದಲ್ಲಿ ಆಕಸ್ಮಿಕವಾಗಿ ಮಾಡುವುದನ್ನು ಮನುಷ್ಯ ತಂದೆ ತಾಯಿಯನ್ನು ಆರಿಸಿ, ಉದ್ದೇಶ ಇಟ್ಟುಕೊಂಡು ಮಾಡುತ್ತಾನೆ.

ಇದು ಇತ್ತೀಚಿನ ಸಂಗತಿಯೂ ಅಲ್ಲ. ಸೂಪರ್‌ಮಾರ್ಕೆಟ್‌ಗಳಲ್ಲಿ ಸಿಗುವ ಹಸಿರು ವಿದೇಶಿ ಮರಸೇಬು, ಅಂದರೆ ಪೇರ್ ಹಣ್ಣಿನಲ್ಲಿ ಪ್ಯಾಕ್‌ಹ್ಯಾಮ್ ಎಂಬ ತಳಿ ಇದೆ. ಆಸ್ಟ್ರೇಲಿಯಾದ ಚಾರ್ಲ್ಸ್ ಪ್ಯಾಕ್‌ಹ್ಯಾಮ್ ಎಂಬ ಬೆಳೆಗಾರ ಎರಡು ಹಳೆಯ ತಳಿಗಳನ್ನು ಸೇರಿಸಿ ಅದನ್ನು ಪಡೆದದ್ದು 19ನೇ ಶತಮಾನದ ಕೊನೆಯಲ್ಲಿ. ಡಿಎನ್‌ಎಯ ರಚನೆ ಜಗತ್ತಿಗೆ ತಿಳಿದದ್ದು 1953ರಲ್ಲಿ. ಅದಕ್ಕಿಂತ ಅರ್ಧ ಶತಮಾನ ಮೊದಲೇ ಈ ಹೈಬ್ರಿಡ್ ಮರಸೇಬು ಇತ್ತು.

ಕುಲಾಂತರಿ ಬೇರೆ, ಹೈಬ್ರಿಡ್ ಬೇರೆ

ಗೊಂದಲ ಹುಟ್ಟುವುದು ಇಲ್ಲೇ. ಹೈಬ್ರಿಡ್‌ನಲ್ಲಿ ಹೂವಿನ ಮೂಲಕ ಎರಡು ಗಿಡಗಳ ಗುಣಗಳು ಬೆರೆಯುತ್ತವೆ. ಕುಲಾಂತರಿಯಲ್ಲಿ ಪ್ರಯೋಗಾಲಯದಲ್ಲಿ ಒಂದು ನಿರ್ದಿಷ್ಟ ಜೀನ್ ಅನ್ನು ಗಿಡದೊಳಗೆ ಸೇರಿಸುತ್ತಾರೆ.

ಭಾರತದ ರೈತರು ಅನುಮತಿಯೊಂದಿಗೆ ವ್ಯಾಪಕವಾಗಿ ಬೆಳೆಯುತ್ತಿರುವ ಕುಲಾಂತರಿ ಬೆಳೆ ಬಿಟಿ ಹತ್ತಿ. ಅದಕ್ಕೆ ಅನುಮತಿ ಸಿಕ್ಕಿದ್ದು 2002ರಲ್ಲಿ. ಬಿಟಿ ಬದನೆಗೆ 2010ರಲ್ಲಿ ಕೇಂದ್ರ ಸರ್ಕಾರ ತಡೆ ಹಾಕಿತು. ಹಣ್ಣುಗಳಲ್ಲಿ ಯಾವುದಕ್ಕೂ ಅನುಮತಿ ಇಲ್ಲ. ಹೊರದೇಶದಿಂದ ಬರುವ ಸೇಬು, ಪರಂಗಿ, ಅನಾನಸ್ ಸೇರಿದಂತೆ 24 ಬೆಳೆಗಳ ಸರಕಿಗೆ ‘ಕುಲಾಂತರಿ ಅಲ್ಲ’ ಎಂಬ ಪ್ರಮಾಣಪತ್ರ ಬೇಕು ಎಂದು ಎಫ್‌ಎಸ್‌ಎಸ್‌ಎಐ 2021ರಿಂದ ಕಡ್ಡಾಯ ಮಾಡಿದೆ.

ಹಾಗಾದರೆ ಕುಲಾಂತರಿ ಪರಂಗಿ ಎಲ್ಲೂ ಇಲ್ಲವೇ? ಇದೆ. ಅಮೆರಿಕದ ಹವಾಯಿಯಲ್ಲಿ ಉಂಗುರ ಚುಕ್ಕೆ ವೈರಸ್ ರೋಗದಿಂದ ತೋಟಗಳೇ ನಾಶವಾಗುತ್ತಿದ್ದಾಗ, ಆ ರೋಗ ತಡೆಯುವ ರೇನ್‌ಬೋ ಎಂಬ ಕುಲಾಂತರಿ ಪರಂಗಿ 1998ರಲ್ಲಿ ಅಲ್ಲಿನ ರೈತರ ಕೈಸೇರಿತು. ಫಾರ್ವರ್ಡ್‌ಗಳಲ್ಲಿ ಆ ಸುದ್ದಿಯನ್ನು ನಮ್ಮ ಗಾಡಿಯ ಹಣ್ಣಿಗೆ ಅಂಟಿಸಲಾಗುತ್ತದೆ. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಕೆಂಪು ಪರಂಗಿ ರೆಡ್ ಲೇಡಿ. ಅದು ತೈವಾನ್ ಮೂಲದ ಸಾಧಾರಣ ಹೈಬ್ರಿಡ್.

ಹೆಸರಘಟ್ಟದಲ್ಲಿ ನಡೆಯುವ ಕೆಲಸ

ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೆಸರಘಟ್ಟ ಕೆರೆಯ ಬಳಿ ಶುರುವಾದದ್ದು 1967ರಲ್ಲಿ. ಇಲ್ಲಿ ಬಿಡುಗಡೆಯಾದ ಹೆಚ್ಚಿನ ತಳಿಗಳ ಹೆಸರು ‘ಅರ್ಕಾ’ ಎಂದು ಶುರುವಾಗುತ್ತದೆ. ಪಕ್ಕದ ಅರ್ಕಾವತಿ ನದಿಯಿಂದ ಬಂದ ಹೆಸರು ಅದು. ಇಲ್ಲಿನ ಕೆಲವು ಹಣ್ಣುಗಳನ್ನು ನೋಡಿದರೆ ತಳಿ ಅಭಿವೃದ್ಧಿ ಎಂದರೆ ಏನು ಎಂಬುದು ಅರ್ಥವಾಗುತ್ತದೆ.

ಮಾವು: ಬಾದಾಮಿ ಹಣ್ಣು ಕೊಯ್ದಾಗ ಓಟೆಯ ಸುತ್ತ ತಿರುಳು ಬಿಳಿಚಿಕೊಂಡು ಸ್ಪಂಜಿನಂತಾಗಿ, ಹುಳಿ ವಾಸನೆ ಬರುವುದನ್ನು ನೀವು ನೋಡಿರಬಹುದು. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಇದು ಆಲ್ಫಾನ್ಸೊ, ಅಂದರೆ ನಮ್ಮ ಬಾದಾಮಿಯ ಹಳೆಯ ತೊಂದರೆ. ರುಚಿ ಉಳಿಸಿಕೊಂಡು ಈ ದೋಷ ಕಳೆಯುವುದು ಹೇಗೆ? ಹೆಸರಘಟ್ಟದಲ್ಲಿ ಬಂಗನಪಲ್ಲಿಯನ್ನು ತಾಯಿ, ಆಲ್ಫಾನ್ಸೊವನ್ನು ತಂದೆ ಮಾಡಿ ಅರ್ಕಾ ಅರುಣ ಪಡೆದರು. ಅದೇ ಜೋಡಿಯನ್ನು ತಿರುಗಿಸಿ ಅರ್ಕಾ ಪುನೀತ್ ಪಡೆದರು. ಆಲ್ಫಾನ್ಸೊ ಜೊತೆ ಜನಾರ್ದನ ಪಸಂದ್ ಸೇರಿಸಿದಾಗ ಅರ್ಕಾ ಅನ್ಮೋಲ್ ಬಂತು. ಮೂರರಲ್ಲೂ ಆ ಸ್ಪಂಜಿನ ದೋಷ ಇಲ್ಲ.

ಪರಂಗಿ: ಸಾಧಾರಣ ಪರಂಗಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಬೀಜ ಹಾಕಿದರೆ ಹತ್ತಿರ ಹತ್ತಿರ ಅರ್ಧದಷ್ಟು ಗಂಡು ಗಿಡ ಬಂದು, ಹೂ ಬಿಡುವವರೆಗೆ ನೀರು ಗೊಬ್ಬರ ಹಾಕಿ ಸಾಕಿದ ಮೇಲೆ ಕೀಳಬೇಕಾಗುತ್ತದೆ. ಹೆಸರಘಟ್ಟದ ಸೂರ್ಯ ತಳಿ ಬಂದದ್ದು ಹವಾಯಿಯ ಹಳೆಯ ಸನ್‌ರೈಸ್ ಸೋಲೊ ಮತ್ತು ಪಿಂಕ್ ಫ್ಲೆಶ್ ಸ್ವೀಟ್ ಎಂಬ ತಳಿಗಳಿಂದ. ಇದರಲ್ಲಿ ಹೆಣ್ಣು ಗಿಡ ಮತ್ತು ದ್ವಿಲಿಂಗಿ ಗಿಡ ಮಾತ್ರ ಇರುವುದರಿಂದ ಎಲ್ಲ ಗಿಡವೂ ಫಲ ಕೊಡುತ್ತದೆ. ಹಣ್ಣು 600ರಿಂದ 800 ಗ್ರಾಂ, ಚಿಕ್ಕ ಸಂಸಾರ ಒಂದು ಹೊತ್ತಿಗೆ ತಿಂದು ಮುಗಿಸುವಷ್ಟು. ಅದರ ಮುಂದಿನ ಹೆಜ್ಜೆ ಅರ್ಕಾ ಪ್ರಭಾತ್. ಹಣ್ಣು 900ರಿಂದ 1200 ಗ್ರಾಂ, ಮರ ಕುಳ್ಳು.

ಸೀಬೆ: ಪೇರಲೆ ಎಂದು ಮಲೆನಾಡು, ಕರಾವಳಿಯ ಕಡೆ ಹೇಳುವ ಈ ಹಣ್ಣಿನಲ್ಲಿ ದೊಡ್ಡ ದೂರು ಒಂದೇ, ಬೀಜ ಹಲ್ಲಿಗೆ ಸಿಗುವುದು. ಅಲಹಾಬಾದ್ ಸಫೇದ ಎಂಬ ತಳಿಯ ಬೀಜದಿಂದ ಎದ್ದ ಗಿಡಗಳಲ್ಲಿ ಮೆತ್ತನೆ ಬೀಜದ ಒಂದನ್ನು ಹುಡುಕಿ ತೆಗೆದದ್ದೇ ಅರ್ಕಾ ಮೃದುಲ. ಗಮನಿಸಿ, ಇದು ಸಂಕರವೂ ಅಲ್ಲ, ಬರೀ ಆಯ್ಕೆ. ಅರ್ಕಾ ಕಿರಣ್ ಮಾತ್ರ ಸಂಕರ. ಕಾಮ್ಸಾರಿ ಮತ್ತು ಪರ್ಪಲ್ ಲೋಕಲ್ ಎಂಬ ಎರಡು ಸೀಬೆಗಳ ಮಗು. ಒಳಗೆ ಕಡು ಕೆಂಪು. 100 ಗ್ರಾಂ ಹಣ್ಣಿನಲ್ಲಿ ಸುಮಾರು 7 ಮಿಲಿಗ್ರಾಂ ಲೈಕೋಪೀನ್.

ಸೀತಾಫಲ: ತಿರುಳಿಗಿಂತ ಬೀಜವೇ ಹೆಚ್ಚು ಎಂಬುದು ಇದರ ಮೇಲಿನ ದೂರು. ಅರ್ಕಾ ಸಹನ್ ಸಂಕರದಲ್ಲಿ ಬೀಜ ಕಡಿಮೆ, ತಿರುಳು ಬೆಳ್ಳಗೆ, ಸಿಹಿ ಬಹಳ. ಇದರ ತಾಯಿ ಅಟೆಮೋಯ ಜಾತಿಯದು. ಆ ಅಟೆಮೋಯವೇ ದಕ್ಷಿಣ ಅಮೆರಿಕದ ಚೆರಿಮೋಯ ಮತ್ತು ಸೀತಾಫಲದ ಸಂಕರ.

ಹಲಸು: ಎಲ್ಲವೂ ಸಂಶೋಧನಾ ಸಂಸ್ಥೆಯ ತೋಟದಲ್ಲೇ ಹುಟ್ಟಬೇಕೆಂದಿಲ್ಲ. ತುಮಕೂರು ಜಿಲ್ಲೆಯ ಚೇಳೂರಿನ ರೈತ ಕುಟುಂಬವೊಂದರ ಜಮೀನಿನಲ್ಲಿ ತಾಮ್ರಗೆಂಪು ತೊಳೆಯ ಚಿಕ್ಕ ಹಲಸಿನ ಮರ ಇತ್ತು. ಹೆಸರಘಟ್ಟದವರು ಅದರ ಗುಣ ಪರೀಕ್ಷಿಸಿ, ಮರ ನೆಟ್ಟ ಹಿರಿಯ ಸಿದ್ದಪ್ಪನವರ ನೆನಪಿಗೆ ‘ಸಿದ್ದು’ ಎಂದು ಹೆಸರಿಟ್ಟರು. ಕಸಿ ಗಿಡಗಳನ್ನು ಬೆಳೆಸಿ ಮಾರುವ ಹಕ್ಕು ಆ ಕುಟುಂಬಕ್ಕೇ ಸಿಕ್ಕಿತು. ನಾಟಿ ಮರವೇ ಹೆಸರಾಂತ ತಳಿಯಾದ ಉದಾಹರಣೆ ಇದು. ನಾಟಿ ಒಂದು ಕಡೆ, ವಿಜ್ಞಾನ ಇನ್ನೊಂದು ಕಡೆ ಎಂದು ಗೆರೆ ಎಳೆಯಲು ಆಗುವುದಿಲ್ಲ.

ಒಂದು ಹೊಸ ಮಾವಿಗೆ ಎಷ್ಟು ಕೆಲಸ?

ಮಾವಿನ ಒಂದು ಹೂಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂ ಇರುತ್ತವೆ. ಅವುಗಳಲ್ಲಿ ನೂರಕ್ಕೆ ಒಂದು ಕೂಡ ಹಣ್ಣಾಗುವ ತನಕ ಉಳಿಯುವುದು ಕಷ್ಟ. ಸಂಕರ ಮಾಡುವವರು ಅಷ್ಟು ಸಣ್ಣ ಹೂವಿನ ಗಂಡು ಕೇಸರವನ್ನು ಚಿಮಟದಿಂದ ತೆಗೆದು, ಬೇಕಾದ ಮರದ ಪರಾಗವನ್ನು ಕೈಯಿಂದ ಮುಟ್ಟಿಸಿ, ಬೇರೆ ಪರಾಗ ಬೀಳದಂತೆ ಚೀಲ ಕಟ್ಟಬೇಕು. ಹೀಗೆ ಕಷ್ಟಪಟ್ಟ ಹೂಗಳಲ್ಲೂ ಹೆಚ್ಚಿನವು ಉದುರಿ ಹೋಗುತ್ತವೆ.

ಉಳಿದ ಹಣ್ಣಿನ ಓಟೆ ನೆಟ್ಟರೆ ಗಿಡ ಬರುತ್ತದೆ. ಅದು ಹಣ್ಣು ಬಿಡಲು ಹಲವು ವರ್ಷ ಬೇಕು. ಹಣ್ಣು ಬಂದ ಮೇಲೆ ಹೆಚ್ಚಿನ ಗಿಡಗಳು ತಂದೆ ತಾಯಿಗಿಂತ ಕಳಪೆ ಎಂದು ತಿಳಿದು ಬಿಟ್ಟುಬಿಡಬೇಕಾಗುತ್ತದೆ. ಒಂದು ಚೆನ್ನಾಗಿದೆ ಎನ್ನಿಸಿದರೆ ಕಸಿ ಮಾಡಿ ಹಲವು ಗಿಡ ಮಾಡಿಕೊಂಡು, ಬೇರೆ ಬೇರೆ ಮಣ್ಣು, ಮಳೆ ಇರುವ ಜಾಗಗಳಲ್ಲಿ ನೆಟ್ಟು ಮತ್ತೆ ವರ್ಷಗಟ್ಟಲೆ ನೋಡಬೇಕು. ಒಂದು ವರ್ಷ ಚೆನ್ನಾಗಿ ಬಂದರೆ ಸಾಲದು. ಎಲ್ಲ ಸೇರಿ 15, 20 ವರ್ಷ ಹಿಡಿದರೂ ಅಚ್ಚರಿ ಇಲ್ಲ. ಲ್ಯಾಬಿನಲ್ಲಿ ರಾತ್ರೋರಾತ್ರಿ ಹಣ್ಣು ಮಾಡುತ್ತಾರೆ ಎನ್ನುವ ಮೆಸೇಜ್ ಬಂದಾಗ ಈ ಲೆಕ್ಕ ನೆನಪಿಡಿ.

ಇನ್ನೊಂದು ಮಾತು. ಮಲ್ಲಿಕಾ ಓಟೆಯನ್ನು ಕುಂಡದಲ್ಲಿ ನೆಟ್ಟರೆ ಮಲ್ಲಿಕಾ ಬರುವ ಖಾತ್ರಿ ಇಲ್ಲ. ಬಾದಾಮಿಯದ್ದೂ ಅಷ್ಟೇ. ಒಳ್ಳೆಯ ಮಾವಿನ ತಳಿಗಳು ಸಾಮಾನ್ಯವಾಗಿ ಕಸಿಯಿಂದ ಮುಂದುವರಿಯುತ್ತವೆ. ನಾವು ‘ನಾಟಿ’ ಎಂದು ಕೊಳ್ಳುವ ರಸಪುರಿ, ಬಾದಾಮಿ, ತೋತಾಪುರಿ ಎಲ್ಲವೂ ಹಿಂದಿನವರು ಆರಿಸಿ ಕಸಿ ಕಟ್ಟಿ ಉಳಿಸಿದ ಮರಗಳ ಪ್ರತಿಗಳೇ.

ರುಚಿಯನ್ನು ಅಳೆಯುವುದು ಹೇಗೆ?

‘ಚೆನ್ನಾಗಿದೆ’ ಎಂಬ ಒಂದು ಮಾತಿನ ಮೇಲೆ ತಳಿ ಬಿಡುಗಡೆ ಆಗುವುದಿಲ್ಲ. ಹಣ್ಣಿನ ಗುಣಮಟ್ಟ ನೋಡಲು ಕೆಲವು ಪರೀಕ್ಷೆಗಳಿವೆ. ಮಾವಿಗೂ, ಪರಂಗಿಗೂ, ಕಾಶ್ಮೀರದ ಚೆರ್ರಿ ಹಾಗೂ ಮರಸೇಬಿಗೂ ಮೂಲ ಪರೀಕ್ಷೆಗಳು ಒಂದೇ.

ಸಿಹಿ: ಎರಡು ಹನಿ ರಸವನ್ನು ರಿಫ್ರಾಕ್ಟೋಮೀಟರ್ ಎಂಬ ಸಣ್ಣ ಉಪಕರಣದ ಗಾಜಿನ ಮೇಲೆ ಹಾಕಿ ಬೆಳಕಿಗೆ ಹಿಡಿಯುತ್ತಾರೆ. ಸಕ್ಕರೆ ಹೆಚ್ಚಿದ್ದಷ್ಟೂ ಬೆಳಕು ಹೆಚ್ಚು ಬಾಗುತ್ತದೆ. ಆ ಅಳತೆಯ ಹೆಸರು ಬ್ರಿಕ್ಸ್. 14 ಬ್ರಿಕ್ಸ್ ಅಂದರೆ 100 ಗ್ರಾಂ ರಸದಲ್ಲಿ ಹೆಚ್ಚುಕಡಿಮೆ 14 ಗ್ರಾಂ ಕರಗಿದ ಪದಾರ್ಥ ಇದೆ, ಅದರಲ್ಲಿ ಬಹುಪಾಲು ಸಕ್ಕರೆ. ಅರ್ಕಾ ಕಿರಣ್ ಸೀಬೆ 12–13, ಅರ್ಕಾ ಪ್ರಭಾತ್ ಪರಂಗಿ 13–14. ಅರ್ಕಾ ಸಹನ್ ಸೀತಾಫಲ 30 ದಾಟುತ್ತದೆ. ಮಧುಮೇಹ ಇರುವವರಿಗೆ ಈ ಅಂಕಿ ಉಪಯೋಗಕ್ಕೆ ಬರುತ್ತದೆ. ಎಲ್ಲ ಹಣ್ಣೂ ಒಂದೇ ಅಲ್ಲ, ಎಷ್ಟು ತಿನ್ನಬಹುದು ಎಂಬುದನ್ನು ನಿಮ್ಮ ವೈದ್ಯರ ಹತ್ತಿರ ಕೇಳಿ.

ಹುಳಿ: ಬ್ರಿಕ್ಸ್ ಒಂದೇ ಇರುವ ಎರಡು ಕಿತ್ತಳೆಯಲ್ಲಿ ಒಂದು ಸಿಹಿ, ಇನ್ನೊಂದು ಹುಳಿ ಎನ್ನಿಸಬಹುದು. ಕಾರಣ ಆಮ್ಲದ ವ್ಯತ್ಯಾಸ. ಹಾಗಾಗಿ ಸಿಹಿ ಮತ್ತು ಹುಳಿಯ ಅನುಪಾತ ನೋಡುತ್ತಾರೆ. ಹುಳಿ ಪೂರ್ತಿ ಇಲ್ಲದಿದ್ದರೆ ಹಣ್ಣು ಸಪ್ಪೆ ಸಿಹಿ. ತುಸು ಹುಳಿ ಇದ್ದರೇ ರುಚಿ.

ಗಟ್ಟಿತನ: ಚಿಕ್ಕ ಕಡ್ಡಿಯಂಥ ಉಪಕರಣ ಒತ್ತಿ, ತಿರುಳಿಗೆ ಇಳಿಯಲು ಎಷ್ಟು ಬಲ ಬೇಕು ಎಂದು ಅಳೆಯುತ್ತಾರೆ. ಹಣ್ಣು ಲಾರಿಯಲ್ಲಿ ಬಂದು ಅಂಗಡಿ ಸೇರುವವರೆಗೆ ತಾಳುತ್ತದೆಯೇ ಎಂಬುದು ಇದರಿಂದ ತಿಳಿಯುತ್ತದೆ. ಚೆರ್ರಿಯಲ್ಲಿ ಇದು ಬಹಳ ಮುಖ್ಯ. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಸಿಪ್ಪೆ ಬಿರಿಯುತ್ತದೆಯೇ ಎಂದೂ ನೋಡುತ್ತಾರೆ. ಮರಸೇಬಿನಲ್ಲಿ ಬಾಯಿಗೆ ಮರಳಿನಂತೆ ಸಿಗುವ ಗಟ್ಟಿ ಕೋಶಗಳು ಕಡಿಮೆ ಇರಬೇಕು.

ಬಾಳಿಕೆ ಮತ್ತು ತಿರುಳು: ಕೋಣೆಯ ಬಿಸಿಯಲ್ಲಿ ಎಷ್ಟು ದಿನ ಇರುತ್ತದೆ, ಬೀಜ ಸಿಪ್ಪೆ ಬಿಟ್ಟು ತಿನ್ನಲು ಎಷ್ಟು ಸಿಗುತ್ತದೆ ಎಂಬ ಲೆಕ್ಕ.

ನಾಲಗೆ: ಕೊನೆಗೆ ಮನುಷ್ಯರೇ ತಿಂದು ಹೇಳಬೇಕು. ಯಾವ ತಳಿ ಎಂದು ತಿಳಿಸದೆ, ನಂಬರ್ ಹಾಕಿದ ತಟ್ಟೆಯಲ್ಲಿ ಹೋಳು ಕೊಟ್ಟು ಬಣ್ಣ, ಪರಿಮಳ, ರುಚಿಗೆ ಅಂಕ ಹಾಕಿಸುತ್ತಾರೆ. ‘ತುಂಬಾ ಇಷ್ಟ’ದಿಂದ ‘ಸ್ವಲ್ಪವೂ ಇಷ್ಟ ಇಲ್ಲ’ದವರೆಗೆ 9 ಮೆಟ್ಟಿಲಿನ ಅಳತೆಗೋಲು ಬಹಳ ಕಡೆ ಬಳಕೆಯಲ್ಲಿದೆ. ಹೆಸರು ಗೊತ್ತಿದ್ದರೆ ನಾಲಗೆಗಿಂತ ಮೊದಲು ಮನಸ್ಸೇ ಅಂಕ ಹಾಕಿಬಿಡುತ್ತದೆ. ‘ನಾಟಿ’ ಎಂದು ಹೇಳಿ ಕೊಟ್ಟರೆ ರುಚಿ ಹೆಚ್ಚಾದಂತೆ ಅನಿಸುವುದೂ ಇದೇ ಕಾರಣಕ್ಕೆ.

ಬೆಂಗಳೂರಿನಲ್ಲಿ ಚೆರ್ರಿ ಏಕೆ ಬೆಳೆಯುವುದಿಲ್ಲ?

ತಳಿ ಅಭಿವೃದ್ಧಿಗೂ ಒಂದು ಮಿತಿ ಇದೆ, ಅದು ಹವಾಮಾನ. ಸಿಹಿ ಚೆರ್ರಿಯ ಮರಕ್ಕೆ ಚಳಿಗಾಲದ ನಿದ್ದೆ ಬೇಕು. ಸಾಮಾನ್ಯ ತಳಿಗಳಿಗೆ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ, ಹಲವು ತಳಿಗಳಿಗೆ ಸಾವಿರ ಗಂಟೆಯಷ್ಟು ಸಿಗದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಬೆಂಗಳೂರಿನ ದಾಖಲೆಯ ಕನಿಷ್ಠ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಂದರೆ ಆ ದಾಖಲೆಯ ರಾತ್ರಿಯೂ ಚೆರ್ರಿ ಮರದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಇಲ್ಲಿ ಸಿಗುವ ಚೆರ್ರಿ ಕಾಶ್ಮೀರ, ಹಿಮಾಚಲ ಅಥವಾ ವಿದೇಶದಿಂದ ಬಂದದ್ದು. ‘ನಮ್ಮ ಬಾಲ್ಕನಿಯ ಕುಂಡದಲ್ಲಿ ಚೆರ್ರಿ’ ಎಂದು ಆನ್‌ಲೈನಿನಲ್ಲಿ ಬೀಜ ಮಾರುವ ಜಾಹೀರಾತಿಗೆ ದುಡ್ಡು ಹಾಕುವ ಮುನ್ನ ಇದು ನೆನಪಿರಲಿ.

ಅಂದ ಹಾಗೆ, ಬೇಕರಿಯ ಕೇಕಿನ ಮೇಲಿನ ಕೆಂಪು ‘ಚೆರ್ರಿ’ ಬಹಳ ಸಲ ಚೆರ್ರಿಯೇ ಅಲ್ಲ. ಕವಳೆ ಹಣ್ಣನ್ನು ಸಕ್ಕರೆ ಪಾಕ, ಬಣ್ಣದಲ್ಲಿ ನೆನೆಸಿದ್ದು. ಬನ್ನಿನೊಳಗಿನ ಟೂಟಿ ಫ್ರೂಟಿ ಹಸಿ ಪರಂಗಿಕಾಯಿಯದು.

ಹೆಚ್ಚು ಕೇಳುವ ಪ್ರಶ್ನೆಗಳು

ಪರಂಗಿ ಅಷ್ಟು ಕೆಂಪಾಗಲು ಬಣ್ಣ ಹಾಕುತ್ತಾರೆಯೇ?
ಇಲ್ಲ. ಹಳದಿ ಪರಂಗಿಯಲ್ಲಿ ಲೈಕೋಪೀನ್ ಅನ್ನು ಹಳದಿ ವರ್ಣದ್ರವ್ಯವಾಗಿ ಬದಲಿಸುವ ಒಂದು ಕಿಣ್ವ ಕೆಲಸ ಮಾಡುತ್ತದೆ. ಕೆಂಪು ಪರಂಗಿಯಲ್ಲಿ ಆ ಕಿಣ್ವದ ಜೀನ್ ಸಹಜವಾಗಿಯೇ ಕೆಟ್ಟಿರುವುದರಿಂದ ಲೈಕೋಪೀನ್ ಹಾಗೇ ಉಳಿಯುತ್ತದೆ. ಅಷ್ಟೇ ವ್ಯತ್ಯಾಸ.

ಬೀಜವಿಲ್ಲದ ಕಲ್ಲಂಗಡಿ ಹೇಗೆ ಬಂತು?
ಕುದುರೆ ಮತ್ತು ಕತ್ತೆಗೆ ಹುಟ್ಟಿದ ಹೇಸರಗತ್ತೆಗೆ ಮರಿಯಾಗುವುದಿಲ್ಲ. ಇದೂ ಹಾಗೆಯೇ. ಎರಡರ ಬದಲು ನಾಲ್ಕು ಜೊತೆ ವರ್ಣತಂತು ಇರುವ ಗಿಡವನ್ನು ಸಾಧಾರಣ ಗಿಡದೊಂದಿಗೆ ಸೇರಿಸಿದರೆ ಮೂರು ಜೊತೆಯ ಗಿಡ ಬರುತ್ತದೆ. ಮೂರನ್ನು ಸಮನಾಗಿ ಭಾಗ ಮಾಡಲು ಆಗದ ಕಾರಣ ಬೀಜ ಬಲಿಯುವುದಿಲ್ಲ. ಈ ವಿಧಾನ ಜಪಾನಿನಲ್ಲಿ 20ನೇ ಶತಮಾನದ ಮಧ್ಯದ ಹೊತ್ತಿಗೆ ರೂಪುಗೊಂಡಿತು. ಹೆಸರಘಟ್ಟದ ಅರ್ಕಾ ಮಧುರ ಇಂಥ ತಳಿ. ನಾಲ್ಕು ಜೊತೆಯ ಗಿಡ ಪಡೆಯಲು ಸಸಿಯ ಚಿಗುರಿಗೆ ಕೊಲ್ಚಿಸಿನ್ ಎಂಬ ರಾಸಾಯನಿಕ ಹಾಕುವುದು ನಿಜ. ಆದರೆ ಅದನ್ನು ಹಾಕುವುದು ಹಿಂದಿನ ತಲೆಮಾರಿನ ಗಿಡಕ್ಕೆ, ನೀವು ತಿನ್ನುವ ಹಣ್ಣಿಗಲ್ಲ.

ಬೀಜವಿಲ್ಲದ ದ್ರಾಕ್ಷಿ, ಬಾಳೆ?
ಸಹಜವಾಗಿ ಆದ ಬದಲಾವಣೆಯನ್ನು ಕಡ್ಡಿ ನೆಟ್ಟು, ಕಂದು ನೆಟ್ಟು ಉಳಿಸಿಕೊಂಡು ಬಂದದ್ದು. ದ್ರಾಕ್ಷಿಯ ಗಾತ್ರ ಹೆಚ್ಚಿಸಲು ಜಿಬ್ಬರೆಲಿಕ್ ಆಮ್ಲ ಎಂಬ ಸಸ್ಯ ಹಾರ್ಮೋನ್ ಸಿಂಪಡಿಸುವುದುಂಟು. ಆದರೆ ಥಾಮ್ಸನ್ ದ್ರಾಕ್ಷಿಯಲ್ಲಿ ಬೀಜ ಇಲ್ಲದಿರುವುದು ಅದರಿಂದ ಅಲ್ಲ.

ಸ್ಟಿಕ್ಕರಿನಲ್ಲಿ 8 ಇದ್ದರೆ ಕುಲಾಂತರಿ ಅಂತೆ?
ಆ ಸಂಖ್ಯೆಯನ್ನು ಒಮ್ಮೆ ಕುಲಾಂತರಿಗೆಂದು ಮೀಸಲಿಟ್ಟಿದ್ದರು, ಆದರೆ ಅಂಗಡಿಗಳಲ್ಲಿ ಬಳಕೆಗೇ ಬರಲಿಲ್ಲ. ಸ್ಟಿಕ್ಕರಿನ ಸಂಖ್ಯೆ ಬಿಲ್ ಹಾಕುವ ಅನುಕೂಲಕ್ಕೆ. ಮುಂದೆ 9 ಇರುವ ಐದಂಕಿ ಸಾವಯವಕ್ಕೆ. ಸಂಖ್ಯೆ ನೋಡಿ ಹಣ್ಣಿನ ಸುರಕ್ಷತೆ ಹೇಳಲು ಆಗುವುದಿಲ್ಲ.

ಕೆಂಪು ಸೀಬೆ ಕ್ಯಾನ್ಸರ್ ಗುಣ ಮಾಡುತ್ತದೆಯೇ?
ಇಲ್ಲ. ಇದು ಉಲ್ಟಾ ದಿಕ್ಕಿನ ಸುಳ್ಳು. ಲೈಕೋಪೀನ್ ಇರುವ ಹಣ್ಣು ಒಳ್ಳೆಯ ಆಹಾರ, ಆದರೆ ಔಷಧಿ ಅಲ್ಲ. ಚಿಕಿತ್ಸೆ ನಿಲ್ಲಿಸಿ ಹಣ್ಣು ನಂಬಬೇಡಿ.

ಫಾರ್ವರ್ಡ್‌ನಲ್ಲಿ ನಿಜ ಎಷ್ಟಿದೆ?

ಪೂರ್ತಿ ಸುಳ್ಳು ಎಂದು ತಳ್ಳಿಹಾಕುವುದೂ ಸರಿಯಲ್ಲ. ಮೂರು ವಿಷಯಗಳಲ್ಲಿ ಜನರ ಆತಂಕಕ್ಕೆ ಕಾರಣ ಇದೆ.

ಒಂದು, ಕಾರ್ಬೈಡ್. ಕಾಯಿ ಕಿತ್ತು ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟು ಹಣ್ಣು ಮಾಡುವುದು ನಿಜವಾದ ಅಪಾಯ. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಇರುತ್ತದೆ. 2011ರ ಆಹಾರ ಸುರಕ್ಷತಾ ನಿಯಮ ಇದನ್ನು ನಿಷೇಧಿಸಿದೆ. ಹಣ್ಣೇ ಸಹಜವಾಗಿ ಬಿಡುವ ಎಥಿಲೀನ್ ಅನಿಲವನ್ನು ನಿಗದಿತ ಪ್ರಮಾಣದಲ್ಲಿ, ಅಂದರೆ 100 ಪಿಪಿಎಂವರೆಗೆ, ಕೋಣೆಯಲ್ಲಿ ಬಿಟ್ಟು ಮಾಗಿಸಲು ಅನುಮತಿ ಇದೆ. ಕಾರ್ಬೈಡ್ ನಾಟಿ ಬಾದಾಮಿಗೂ ಹಾಕಬಹುದು, ಹೈಬ್ರಿಡ್‌ಗೂ ಹಾಕಬಹುದು. ತಳಿಗೂ ಇದಕ್ಕೂ ಸಂಬಂಧವೇ ಇಲ್ಲ.

ಎರಡು, ರುಚಿ. ದೂರದ ಮಾರುಕಟ್ಟೆಗೆ ಕಳುಹಿಸಲು ಗಟ್ಟಿತನ, ಬಾಳಿಕೆಗೇ ಒತ್ತು ಕೊಟ್ಟು ಆರಿಸಿದ ತಳಿಗಳಲ್ಲಿ ಪರಿಮಳ ಕಡಿಮೆಯಾಗುವುದುಂಟು. ಬಲಿಯುವ ಮೊದಲೇ ಕಿತ್ತರೆ ಎಂಥ ತಳಿಯೂ ಸಪ್ಪೆ. ‘ಹಿಂದಿನ ರುಚಿ ಇಲ್ಲ’ ಎನ್ನುವ ದೂರು ಕೆಲವು ಸಲ ಸರಿಯೇ. ಅದು ರುಚಿಯ ದೂರು, ವಿಷದ ದೂರಲ್ಲ.

ಮೂರು, ರೈತರ ಖರ್ಚು ಮತ್ತು ವೈವಿಧ್ಯ. ರೆಡ್ ಲೇಡಿಯಂಥ ಮೊದಲ ತಲೆಮಾರಿನ ಹೈಬ್ರಿಡ್‌ಗಳ ಬೀಜ ಉಳಿಸಿ ನೆಟ್ಟರೆ ಅದೇ ಗುಣ ಬರುವುದಿಲ್ಲ, ಪ್ರತಿ ಸಲ ದುಡ್ಡು ಕೊಟ್ಟು ಕೊಳ್ಳಬೇಕು. ಎಲ್ಲರೂ ಒಂದೇ ತಳಿ ಬೆಳೆದರೆ ಹಳೆಯವು ಮರೆಯಾಗುತ್ತವೆ. ಹಾಗೆ ಆಗಬಾರದು, ಏಕೆಂದರೆ ನಾಳೆಯ ತಳಿಗೆ ತಂದೆ ತಾಯಿ ಆಗಬೇಕಾದವು ಇವೇ. ಜನಾರ್ದನ ಪಸಂದ್ ಉಳಿದಿರದಿದ್ದರೆ ಅರ್ಕಾ ಅನ್ಮೋಲ್ ಬರುತ್ತಿರಲಿಲ್ಲ. ದೇವನಹಳ್ಳಿ ಚಕ್ಕೋತ, ತೂಬಗೆರೆ ಹಲಸು ಸಿಕ್ಕಾಗ ಕೊಳ್ಳಿ. ಅವು ಉಳಿಯುವುದು ತಿನ್ನುವವರಿಂದ.

ಗಾಡಿಯ ಮುಂದೆ ನಿಂತಾಗ ನೋಡಬೇಕಾದದ್ದು

• ಮಾವು: ಇಡೀ ರಾಶಿ ಒಂದೇ ಬಗೆಯ ಹಳದಿ, ಆದರೆ ತೊಟ್ಟಿನ ಬಳಿ ಪರಿಮಳವೇ ಇಲ್ಲ ಎಂದರೆ ಅನುಮಾನಿಸಿ. ಸೀಸನ್‌ಗೆ ಮೊದಲೇ ಬಂದ ಹಣ್ಣಿನ ಬಗ್ಗೆ ಹೆಚ್ಚು ಎಚ್ಚರ ಇರಲಿ.
• ಪರಂಗಿ: ಹಸಿರಿನ ನಡುವೆ ಹಳದಿ ಗೆರೆ ಮೂಡಿದ್ದನ್ನು ತಂದು ಮನೆಯಲ್ಲಿ ಎರಡು ದಿನ ಇಡಿ.
• ಕಲ್ಲಂಗಡಿ: ನೆಲಕ್ಕೆ ತಾಗಿದ ಕಡೆ ಬೆಣ್ಣೆಯ ಹಳದಿ ಬಣ್ಣದ ಮಚ್ಚೆ ಇದ್ದರೆ ಬಲಿತದ್ದು.
• ಮರಸೇಬು: ಇದು ಒಳಗಿನಿಂದ ಹೊರಕ್ಕೆ ಮಾಗುತ್ತದೆ. ತೊಟ್ಟಿನ ಹತ್ತಿರ ಮೆಲ್ಲಗೆ ಒತ್ತಿ ನೋಡಿ. ಅಲ್ಲಿ ಸ್ವಲ್ಪ ಮೆತ್ತಗಾಗಿದ್ದರೆ ತಿನ್ನಲು ಸಿದ್ಧ. ಹೊಟ್ಟೆಯ ಭಾಗ ಮೆತ್ತಗಾಗುವವರೆಗೆ ಕಾದರೆ ಒಳಗೆ ಕೊಳೆತಿರಬಹುದು.
• ಚೆರ್ರಿ: ತೊಟ್ಟು ಹಸಿರಾಗಿ, ಹಣ್ಣು ಗಟ್ಟಿಯಾಗಿ ಇರಲಿ. ತಿನ್ನುವ ಹೊತ್ತಿಗೆ ಮಾತ್ರ ತೊಳೆಯಿರಿ.
• ಯಾವ ಹಣ್ಣಾದರೂ ಸಿಪ್ಪೆ ಸುಲಿಯುವ ಮೊದಲು ಹರಿಯುವ ನೀರಿನಲ್ಲಿ ತೊಳೆಯಿರಿ. ಕಾರ್ಬೈಡ್ ಬಳಕೆ ಕಣ್ಣಿಗೆ ಬಿದ್ದರೆ ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಕೊಡಬಹುದು.

ದಿನಕ್ಕೆ ಹಣ್ಣು ತರಕಾರಿ ಸೇರಿ ಕನಿಷ್ಠ 400 ಗ್ರಾಂ ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಿಫ್ಟ್ ಮುಗಿಸಿ ಬರುವಾಗ ಕಂಪನಿ ಗೇಟಿನ ಮುಂದೆ ಸಿಗುವ ಸೀಬೆ, ಪರಂಗಿ, ಬಾಳೆ ಆ ಲೆಕ್ಕ ತುಂಬಲು ನಮಗಿರುವ ಅಗ್ಗದ ದಾರಿ. ಸುಳ್ಳು ಮೆಸೇಜಿಗೆ ಹೆದರಿ ಅದನ್ನು ಬಿಟ್ಟರೆ ನಷ್ಟ ನಮಗೇ.

ತೀರ್ಪು: ‘ಹೈಬ್ರಿಡ್ ಹಣ್ಣು ಎಂದರೆ ಕೆಮಿಕಲ್ ಹಣ್ಣು’ ಎಂಬುದು ಸುಳ್ಳು. ಕಾರ್ಬೈಡ್ ಬಗ್ಗೆ ಎಚ್ಚರ ಬೇಕು ಎಂಬುದು ನಿಜ.

ನಿಮ್ಮ ಗ್ರೂಪಿಗೆ ಕಳುಹಿಸಲು: ಹೈಬ್ರಿಡ್ ಎಂದರೆ ಎರಡು ತಳಿಯ ಹೂಗಳಿಂದ ಹುಟ್ಟಿದ ಹಣ್ಣು, ನಮ್ಮ ಮಲ್ಲಿಕಾ ಮಾವಿನ ಹಾಗೆ. ಭಾರತದಲ್ಲಿ ಕುಲಾಂತರಿ ಹಣ್ಣು ಬೆಳೆಯಲು ಅನುಮತಿ ಇಲ್ಲ. ಕಾರ್ಬೈಡ್ ಹಾಕಿದ್ದನ್ನು ಬಿಡಿ, ತೊಳೆದು ತಿನ್ನಿ, ಮಕ್ಕಳಿಗೂ ಕೊಡಿ.